ಶಿರಸಿಯ ಒಂದು ಬೈಕ್ ಸರ್ವಿಸ್ ಸೆಂಟರ್: ಕೆಲಸ ಚೊಲೋ, ಮ್ಯಾನೇಜರ್ ಮಾತು ಅರ್ಧ ಚೊಲೋ

5ಕ್ಕೆ 3 ಸ್ಟಾರ್. ಹೆಸರು ಹಾಕುತ್ತಿಲ್ಲ, ಊರು ಸಣ್ಣದು.

ದೇವಿಮನೆ ಘಟ್ಟದಲ್ಲಿ ಕುಮಟಾಕ್ಕೆ ಓಡಾಡುವವರಿಗೆ ಗೊತ್ತು, ಮಳೆಗಾಲ ಕಳೆಯುವಷ್ಟರಲ್ಲಿ ಚೈನ್ ತುಕ್ಕು ಹಿಡಿದು, ಬ್ರೇಕ್ ಸವೆದು ಗಾಡಿ ಕಿರ್ರೋ ಅಂತಿರುತ್ತದೆ. ಸುಮಾರು ಕಡೆ ಕೌಂಟರಿನಲ್ಲಿ ನಾವು ಹತ್ತು ದೂರು ಹೇಳುತ್ತೇವೆ, ಅವರು ಹೂಂ ಹೂಂ ಅನ್ನುತ್ತಾರೆ, ಕೊನೆಗೆ ಮೆಕ್ಯಾನಿಕ್ ಕೈಗೆ ಹೋಗುವ ಜಾಬ್ ಕಾರ್ಡಿನಲ್ಲಿ ಬರುವುದು ಬರೀ ‘ಜನರಲ್ ಸರ್ವಿಸ್’. ಮೆಕ್ಯಾನಿಕ್‌ಗೆ ಪಾಪ ಏನು ಗೊತ್ತಾಗಬೇಕು?

ಇಲ್ಲಿನ ಮ್ಯಾನೇಜರ್ ಹಾಗಲ್ಲ. ಘಟ್ಟ ಇಳಿಯುವಾಗ ಮಾತ್ರ ಹಿಂದಿನ ಬ್ರೇಕ್ ಹಿಡಿಯುವುದಿಲ್ಲ ಅಂದೆ. ಅದನ್ನು ಹಾಗೇ ಬರೆದುಕೊಂಡು, ನನ್ನೆದುರೇ ಹುಡುಗನನ್ನು ಕರೆದರು. “ತಮಾ, ಇಳಿಯುವಾಗ ಮಾತ್ರ ತೊಂದ್ರೆಯಂತೆ. ಡ್ರಮ್ ಬಿಚ್ಚಿ ನೋಡು, ಏನಾಗಿದೆ ಅಂತ ಇವ್ರಿಗೇ ಹೇಳು.” ಅವನೇ ಬಂದು ಬ್ರೇಕ್ ಶೂ ತೋರಿಸಿದ. ಬಿಸಿಯಾಗಿ ಬಿಸಿಯಾಗಿ ಮೇಲೆಲ್ಲ ನುಣ್ಣಗೆ ಹೊಳೆಯುತ್ತಿತ್ತು, ಅದಕ್ಕೇ ಹಿಡಿಯುತ್ತಿರಲಿಲ್ಲ. ಹೊಸದು ಹಾಕುತ್ತೇನೆ, ಆದರೆ ಗೇರ್ ಇಳಿಸಿಕೊಂಡು ಇಳೀರಿ, ಇಂಜಿನ್ನೇ ಅರ್ಧ ಹಿಡಿಯುತ್ತದೆ ಅಂದ. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಆಯಿಲ್ ಚೆಲ್ಲಿದ. ಗಿರಾಕಿಗಳ ಎದುರು ಮ್ಯಾನೇಜರ್ ಒಂದು ಮಾತಾಡಲಿಲ್ಲ. ಪಕ್ಕಕ್ಕೆ ಕರೆದು ಏನೋ ಹೇಳಿದರು, ಅವನು ಬಟ್ಟೆ ತಂದು ಒರೆಸಿದ, ಮುಗೀತು.

ಇದೇ ಮನುಷ್ಯನಿಗೆ ಗಿರಾಕಿ ಹತ್ತಿರ “ಇವತ್ತು ಆಗೂದಿಲ್ಲ” ಅನ್ನಲು ಮಾತ್ರ ಬಾಯಿ ಬರುವುದಿಲ್ಲ! ನನ್ನ ಗಾಡಿಗೆ ಹಾಕಬೇಕಿದ್ದ ಚೈನ್ ಸೆಟ್ ಹುಬ್ಬಳ್ಳಿಯಿಂದ ಬರಬೇಕಿತ್ತು, ಅದು ಬೆಳಿಗ್ಗೆಯೇ ಅವರಿಗೆ ಗೊತ್ತಿತ್ತು. ಫೋನ್ ಮಾಡಿದಾಗೆಲ್ಲ “ಆಗ್ತದೆ, ಆಗ್ತದೆ”. ಸಂಜೆ ಹೋದರೆ ಇವರು ಒಳಗೆ, ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗಿ. ಸುದ್ದಿ ಹೇಳಿ ಬೈಸಿಕೊಳ್ಳುವ ಕೆಲಸ ಅವಳದ್ದು. ನನ್ನ ಮುಂದಿದ್ದವರಂತೂ ಅವಳ ಮೇಲೆ ಸುಮ್ನೆ ಕೂಗಾಡಿದರು. ಪಾರ್ಟ್ ಬರದಿದ್ದರೆ ಅವಳೇನು ಮಾಡಬೇಕು? ಮ್ಯಾನೇಜರ್ ಸಂಬಳದಲ್ಲಿ ಇದನ್ನು ಹೇಳುವುದೂ ಸೇರಿದೆ ಅಲ್ವಾ? ಬೆಳಿಗ್ಗೆ ಒಂದು ವಾಟ್ಸಾಪ್ ಹಾಕಿದ್ದರೆ ಸಾಕಿತ್ತು, ನಾನು ಬಸ್ ಹಿಡಿದು ಹೋಗುತ್ತಿದ್ದೆ. ಎರಡು ಸ್ಟಾರ್ ಹೋಗಿದ್ದು ಇಲ್ಲೇ.

ಬಿಲ್ಲಿನಲ್ಲಿ ತಕರಾರಿಲ್ಲ. ಬಿಚ್ಚಿದ ಹಳೆ ಪಾರ್ಟನ್ನು ಕೇಳದೆಯೇ ಕೈಗೆ ಕೊಟ್ಟರು. ಬ್ರೇಕ್ ಈಗ ಘಟ್ಟದಲ್ಲೂ ಚೆನ್ನಾಗಿ ಹಿಡಿಯುತ್ತಿದೆ. ನೀವು ಹೋದರೆ ಗಾಡಿ ಬಿಡುವಾಗಲೇ “ಪಾರ್ಟ್ ಇದೆಯಾ, ಇಲ್ವಾ?” ಅಂತ ನೇರವಾಗಿ ಕೇಳಿ, ಸಂಜೆ ಅಂದರೆ ಎಷ್ಟು ಗಂಟೆ ಅಂತಲೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳಿ.