ಕಾರವಾರದ ಬೈಂಡಿಂಗ್ ಅಂಗಡಿ, ಅಪ್ಪನ ನೋಟ್ಸು

ಮಳೆಗಾಲದಲ್ಲಿ ಬೂಷ್ಟು ಹಿಡಿದಿದ್ದ ಅಪ್ಪನ ಕಾನೂನು ನೋಟ್ಸನ್ನು ಕಾರವಾರ ಕೋರ್ಟ್ ಹತ್ತಿರದ ಬೈಂಡಿಂಗ್ ಅಂಗಡಿಗೆ ಕೊಟ್ಟಿದ್ದೆ. ಹೊಲಿಗೆ ತುಂಬಾ ಗಟ್ಟಿ. ಅಂಚು ಕತ್ತರಿಸುವಾಗ ಅಪ್ಪ ಪಕ್ಕದಲ್ಲಿ ಬರೆದಿದ್ದ ಒಂದಕ್ಷರವೂ ಹೋಗಿಲ್ಲ. ಹೇಳಿದ್ದಕ್ಕಿಂತ ನಾಲ್ಕು ದಿನ ಜಾಸ್ತಿ ಆಯ್ತು, ಅದೊಂದೇ ಬೇಸರ.

ನೋಟ್ಸ್ ಇರುವುದು ಎರ್ನ್ಸ್ಟ್ ರಾಬೆಲ್ ಎಂಬ ಕಾನೂನು ಪಂಡಿತರ ಬಗ್ಗೆ. 1874ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. ಎರಡು ದೇಶಗಳ ಕಾನೂನು ಹೋಲಿಸಲು ಸುಮ್ನೆ ಸೆಕ್ಷನ್ ಪಕ್ಕ ಸೆಕ್ಷನ್ ಇಟ್ಟರೆ ಸಾಲದು, ಅದು ಜನರ ಯಾವ ತೊಡಕು ಬಿಡಿಸುತ್ತದೆ ಅಂತ ನೋಡಬೇಕು ಎಂದವರು. 1926ರಲ್ಲಿ ಬರ್ಲಿನ್‌ನಲ್ಲಿ ಅದಕ್ಕೇ ಒಂದು ಸಂಸ್ಥೆ ಕಟ್ಟಿದರು. ಯಹೂದಿ ಮೂಲದವರೆಂದು ನಾಜಿಗಳು 1937ರಲ್ಲಿ ಅಲ್ಲಿಂದಲೇ ಹೊರಹಾಕಿದರು. ಅರವತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಮತ್ತೆ ಮೊದಲಿಂದ ಶುರು ಮಾಡಿದರಲ್ಲ, ಅದನ್ನು ಓದುವಾಗ ಗಂಟಲು ಕಟ್ಟುತ್ತದೆ. 1955ರಲ್ಲಿ ತೀರಿಕೊಂಡರು. ದೇಶ ದೇಶಗಳ ನಡುವಿನ ಸರಕು ಮಾರಾಟಕ್ಕೆ ಒಂದೇ ಕಾನೂನು ಬೇಕೆಂದು ಅವರು ಹಾಕಿದ್ದ ತಳಪಾಯದ ಮೇಲೆ 1980ರ ವಿಶ್ವಸಂಸ್ಥೆಯ ಒಪ್ಪಂದ ಬಂತು, ಅದೂ ಅವರು ಹುಟ್ಟಿದ ವಿಯೆನ್ನಾದಲ್ಲೇ! ಬಂದರಿನ ಊರಿನವರಾದ ನಮಗೆ ಇದು ಹತ್ತಿರದ ವಿಷಯ, ಅಲ್ವಾ?

ಮನೆಯಲ್ಲಿ ಇಂಥ ಹಳೆ ಕಾಗದ ಇದ್ದರೆ ಮಳೆ ಶುರುವಾಗುವ ಮೊದಲೇ ಈ ಅಂಗಡಿಗೆ ಕೊಡಿ.