ಎಂಟು ವರ್ಷ ಬಳಸಿದ ಅಧ್ಯಯನ ಬೈಬಲ್: ನಡುವಿನ ಆ ಸಣ್ಣ ಕಾಲಂಗಾಗಿಯೇ ಕೊಳ್ಳಬಹುದು

ಈ ಅಧ್ಯಯನ ಬೈಬಲ್ ನನ್ನ ಕೈಗೆ ಬಂದು ಎಂಟು ವರ್ಷವಾಯಿತು. ಕೊಂಡಿದ್ದು ಒಂದೇ ಕಾರಣಕ್ಕೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥ ನನಗೆ ಅರ್ಥವಾಗಬೇಕಿತ್ತು. ಮೈತುಂಬಾ ಕಣ್ಣಿರುವ ಜೀವಿಗಳು, ಏಳು ಕೊಂಬಿನ ಕುರಿಮರಿ, ಸೂರ್ಯನನ್ನೇ ಧರಿಸಿದ ಸ್ತ್ರೀ. ಓದಿದಾಗೆಲ್ಲ ಹೆದರಿಕೆಯಾಗಿ ಪುಸ್ತಕ ಮುಚ್ಚಿಬಿಡುತ್ತಿದ್ದೆ. ಈಗ ಅದೇ ಗ್ರಂಥವನ್ನು ವರ್ಷಕ್ಕೊಮ್ಮೆಯಾದರೂ ಪೂರ್ತಿ ಓದುತ್ತೇನೆ. ಇದಕ್ಕೆ ಕಾರಣ ಪುಟದ ನಡುವೆ ಸಣ್ಣ ಅಕ್ಷರದಲ್ಲಿರುವ ಸಂಬಂಧಪಟ್ಟ ವಚನಗಳ ಕಾಲಂ. ಬಣ್ಣದ ಚಿತ್ರಗಳಿಂದ, ಅಡಿಟಿಪ್ಪಣಿಗಳಿಂದ ನನಗೆ ಅಷ್ಟು ಲಾಭವಾಗಲಿಲ್ಲ.

ಪ್ರಕಟನೆಯ ತುಂಬ ಹಳೆ ಒಡಂಬಡಿಕೆಯ, ಅಂದರೆ ಬೈಬಲಿನ ಮೊದಲ ಭಾಗದ ಮಾತುಗಳೇ ಇವೆ. ಆದರೆ 'ಪ್ರವಾದಿ ಹೀಗೆ ಬರೆದಿದ್ದಾನೆ' ಅಂತ ಅದನ್ನು ಬರೆದ ಯೋಹಾನ ಎಲ್ಲೂ ಬೆರಳು ತೋರಿಸಿ ಹೇಳುವುದಿಲ್ಲ. ಓದುವವರಿಗೆ ಅದೆಲ್ಲ ಗೊತ್ತಿದೆ ಎಂದುಕೊಂಡೇ ಬರೆಯುತ್ತಾನೆ. ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಆ ಕೊರತೆಯನ್ನು ಈ ಕಾಲಂ ತುಂಬುತ್ತದೆ.

4ನೇ ಅಧ್ಯಾಯದ ನಾಲ್ಕು ಜೀವಿಗಳನ್ನೇ ತೆಗೆದುಕೊಳ್ಳಿ. ಒಂದು ಸಿಂಹದ ಹಾಗೆ, ಒಂದು ಹೋರಿಯ ಹಾಗೆ, ಒಂದಕ್ಕೆ ಮನುಷ್ಯನ ಮುಖ, ಇನ್ನೊಂದು ಹಾರುವ ಹದ್ದಿನ ಹಾಗೆ. ಕಾಲಂ ನನ್ನನ್ನು ಯೆಹೆಜ್ಕೇಲ ಪ್ರವಾದಿಯ ಪುಸ್ತಕದ 1ನೇ ಅಧ್ಯಾಯಕ್ಕೆ ಕಳಿಸಿತು. ಅಲ್ಲೂ ಇವೇ ನಾಲ್ಕು ಮುಖಗಳು. ಆದರೆ ಅಲ್ಲಿ ಒಂದೊಂದು ಜೀವಿಗೂ ನಾಲ್ಕು ಮುಖ, ನಾಲ್ಕು ರೆಕ್ಕೆ. ಯೋಹಾನ ಕಂಡ ಜೀವಿಗಳಿಗೆ ಆರು ರೆಕ್ಕೆ. ಈ ಆರು ಎಲ್ಲಿಂದ ಬಂತು? ಯೆಶಾಯ 6ರಿಂದ. ಅಲ್ಲಿ ದೇವರ ಸಿಂಹಾಸನದ ಬಳಿ ನಿಂತ ಸೆರಾಫಿಯರೆಂಬ ದೂತರಿಗೆ ಆರು ರೆಕ್ಕೆ, ಅವರ ಬಾಯಲ್ಲಿ ಮೂರು ಸಲ 'ಪರಿಶುದ್ಧನು'. ಇನ್ನು ಆ ಕಣ್ಣುಗಳು? ಯೆಹೆಜ್ಕೇಲ ಅವನ್ನು ಚಕ್ರಗಳ ಅಂಚಿನ ತುಂಬ ಕಂಡಿದ್ದ. ಎರಡು ಹಳೆಯ ದರ್ಶನಗಳು ಇಲ್ಲಿ ಒಂದಾಗಿವೆ.

ಯೆಹೆಜ್ಕೇಲ 10ಕ್ಕೆ ಹೋದರೆ ಆ ಜೀವಿಗಳ ಹೆಸರೂ ಸಿಗುತ್ತದೆ: ಕೆರೂಬಿಗಳು. ಏದೆನ್ ತೋಟದ ದಾರಿ ಕಾದವರು, ಮಂಜೂಷದ (ದೇವರ ಆಜ್ಞೆಯ ಹಲಗೆಗಳಿದ್ದ ಪೆಟ್ಟಿಗೆ) ಮುಚ್ಚಳವಾದ ಕೃಪಾಸನದ ಮೇಲೆ ರೆಕ್ಕೆ ಚಾಚಿದವರು. ದೇವರ ಸನ್ನಿಧಿ ಇರುವ ಕಡೆ ಇವರಿರುತ್ತಾರೆ. ಯೆಹೆಜ್ಕೇಲ ಇವರನ್ನು ಕಂಡಿದ್ದು ಬಾಬೆಲಿನ ಸೆರೆಯಲ್ಲಿ, ಕೆಬಾರ್ ನದಿಯ ಹತ್ತಿರ. ಆ ಜೀವಿಗಳ ಮೇಲಿದ್ದ ದೇವರ ಸಿಂಹಾಸನಕ್ಕೆ ಚಕ್ರ ಯಾಕೆ ಅಂತ ಆಗ ಹೊಳೆಯಿತು. ಅದು ಯೆರೂಸಲೇಮಿನಲ್ಲೇ ನಿಂತುಬಿಟ್ಟಿಲ್ಲ, ಸೆರೆಯಾದವರ ಹತ್ತಿರಕ್ಕೂ ಬರುತ್ತದೆ. ಇದು ತಿಳಿದ ರಾತ್ರಿ ಸಂತೋಷಕ್ಕೆ ನನಗೆ ನಿದ್ದೆ ಬರಲಿಲ್ಲ.

ಅಡಿಟಿಪ್ಪಣಿ ಇದೇ ಜಾಗದಲ್ಲಿ ನಿರಾಸೆ ಮಾಡುತ್ತದೆ. 'ನಾಲ್ಕು ಜೀವಿಗಳು ನಾಲ್ಕು ಸುವಾರ್ತೆಗಳ ಗುರುತು, ಸಿಂಹ ಅಂದರೆ ಮಾರ್ಕ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸುವಾರ್ತೆಗಳು ಅಂದರೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ಹೆಸರಿನ, ಯೇಸುವಿನ ಜೀವನದ ಪುಸ್ತಕಗಳು. ಆ ಜೋಡಣೆ ಹಳೆಯ ಕಾಲದ ಬೈಬಲ್ ಪಂಡಿತ ಜೆರೋಮನದು. ಅವನಿಗಿಂತ ಮುಂಚೆ, 2ನೇ ಶತಮಾನದಲ್ಲಿ, ಐರೇನಿಯಸ್ ಎಂಬ ಬಿಷಪ್ ಸಿಂಹವನ್ನು ಯೋಹಾನನಿಗೂ ಹದ್ದನ್ನು ಮಾರ್ಕನಿಗೂ ಕೊಟ್ಟಿದ್ದ. ಇನ್ನೊಬ್ಬ ಬಿಷಪ್ ಅಗಸ್ಟೀನ್ ಸಿಂಹವನ್ನು ಮತ್ತಾಯನಿಗೆ ಕೊಟ್ಟ. ಹೋರಿ ಲೂಕನದು ಅನ್ನುವುದರಲ್ಲಿ ಮಾತ್ರ ಮೂವರೂ ಒಂದೇ. ಪ್ರಕಟನೆಯಲ್ಲಂತೂ ಈ ನಾಲ್ಕು ಪುಸ್ತಕಗಳ ಮಾತೇ ಬರುವುದಿಲ್ಲ. ಇಷ್ಟು ಚಂದದ, ಇಷ್ಟು ಹಳೆಯ ಚರ್ಚೆಯನ್ನು ಓದುಗರಿಂದ ಯಾಕೆ ಮುಚ್ಚಿಡಬೇಕು?

4ನೇ ಅಧ್ಯಾಯದಲ್ಲೇ ಸಿಂಹಾಸನದ ಸುತ್ತ ಕೂತ ಇಪ್ಪತ್ತನಾಲ್ಕು ಹಿರಿಯರ ಜಾಗದಲ್ಲಿ ಕಾಲಂನಲ್ಲಿ ಒಂದು ಅಚ್ಚಿನ ತಪ್ಪಿದೆ. ಪೂರ್ವಕಾಲವೃತ್ತಾಂತ ಪ್ರಥಮ ಭಾಗದ 24ನೇ ಅಧ್ಯಾಯ ಅಂತ ಇರಬೇಕಾದದ್ದು 14 ಅಂತ ಆಗಿದೆ. ಯಾಜಕರ 24 ವರ್ಗಗಳು ಇರುವುದು 24ರಲ್ಲಿ. ಹನ್ನೆರಡು ಕುಲ, ಹನ್ನೆರಡು ಅಪೊಸ್ತಲರು ಸೇರಿ ಇಪ್ಪತ್ತನಾಲ್ಕು ಅನ್ನುವವರೂ ಇದ್ದಾರೆ. ಅದಕ್ಕೆ ಪ್ರಕಟನೆಯ 21ನೇ ಅಧ್ಯಾಯ ನೋಡಿ.

ನನಗೆ ತುಂಬ ಇಷ್ಟವಾದದ್ದು ಪ್ರಕಟನೆಯ 5ನೇ ಅಧ್ಯಾಯ. ಯೂದ ಕುಲದ ಸಿಂಹ ಗೆದ್ದಿದ್ದಾನೆ ಅಂತ ಯೋಹಾನನ ಕಿವಿಗೆ ಬೀಳುತ್ತದೆ. ಕಣ್ಣೆತ್ತಿ ನೋಡಿದರೆ ಕೊಯ್ಯಲ್ಪಟ್ಟಂತಿರುವ ಕುರಿಮರಿ. ಕೇಳಿದ್ದು ಸಿಂಹ, ಕಂಡಿದ್ದು ಕುರಿಮರಿ. ಎರಡೂ ಒಬ್ಬನೇ, ಯೇಸು. ಸಿಂಹಕ್ಕೆ ಕಾಲಂ ಆದಿಕಾಂಡ 49 ಕೊಡುತ್ತದೆ, ಏಳು ಕಣ್ಣಿಗೆ ಜೆಕರ್ಯ 4. ಲೋಕವನ್ನೆಲ್ಲ ನೋಡುವ ಕರ್ತನ ಕಣ್ಣುಗಳು ಅವು. ಕೊಂಬು ಅಂದರೆ ಬಲ. ಏಳು ಅಂದರೆ ಪೂರ್ಣ. ಇದು ಬಿಡಿಸಿ ನೋಡುವ ಚಿತ್ರವಲ್ಲ, ಕೇಳಿ ತಿಳಿಯುವ ಮಾತು. ಆದರೆ ಎದುರು ಪುಟದಲ್ಲಿ ಏಳು ಕೊಂಬಿನ ಕುರಿಯನ್ನೇ ಬರೆದಿಟ್ಟಿದ್ದಾರೆ. ಆ ಚಿತ್ರ ಇರಲೇಬಾರದಿತ್ತು. ನಾನು ಅದರ ಮೇಲೆ ಒಂದು ಬಿಳಿ ಹಾಳೆ ಇಟ್ಟುಕೊಂಡಿದ್ದೇನೆ.

12ನೇ ಅಧ್ಯಾಯದ ಸ್ತ್ರೀ ಯಾರು ಅನ್ನುವುದಕ್ಕೂ ಟಿಪ್ಪಣಿಯಲ್ಲಿ ಒಂದೇ ಉತ್ತರ. ಇಸ್ರಾಯೇಲ್ ಜನಾಂಗ ಅನ್ನುವವರು, ಸಭೆ (ಕ್ರೈಸ್ತ ವಿಶ್ವಾಸಿಗಳ ಸಮುದಾಯ) ಅನ್ನುವವರು, ಯೇಸುವಿನ ತಾಯಿ ಮರಿಯಳು ಅನ್ನುವವರು ಎಲ್ಲರೂ ಇದ್ದಾರೆ. ಆದಿಕಾಂಡದಲ್ಲಿ ಯೋಸೇಫನ ಕನಸಿನ ಸೂರ್ಯ, ಚಂದ್ರ, ಹನ್ನೊಂದು ನಕ್ಷತ್ರಗಳನ್ನು (ಅವು ಅವನ ತಂದೆ, ತಾಯಿ, ಅಣ್ಣತಮ್ಮಂದಿರು, ಅಂದರೆ ಇಸ್ರಾಯೇಲಿನ ಮನೆತನ) ಓದಿದ ಮೇಲೆ ನನ್ನ ಮನಸ್ಸು ಇಸ್ರಾಯೇಲಿನ ಕಡೆ ಜಾಸ್ತಿ ವಾಲುತ್ತದೆ. ಅದೇ ಅಧ್ಯಾಯದ ಘಟಸರ್ಪದ ವಿಷಯ ಹಾಗಲ್ಲ. ಅದು ಸೈತಾನ ಅಂತ 9ನೇ ವಚನವೇ ಹೇಳುತ್ತದೆ. ಏಳು ನಕ್ಷತ್ರಗಳು ಏಳು ಸಭೆಗಳ ದೂತರು (1:20), ಧೂಪ ಅಂದರೆ ಪರಿಶುದ್ಧರ ಪ್ರಾರ್ಥನೆಗಳು (5:8). ಗ್ರಂಥವೇ ಅರ್ಥ ಹೇಳುವ ಇಂಥ ಕಡೆಗಳನ್ನು ದಪ್ಪ ಅಕ್ಷರದಲ್ಲಿ ಕೊಡಬೇಕಿತ್ತು. ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ನೀವೂ ಮೊದಲು ಅದನ್ನೇ ಮಾಡಿ.

ಕಾಗದ ತೆಳು. ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಕಾಲಂ ಅಕ್ಷರಕ್ಕೆ ಈಗ ನನಗೆ ಭೂತಕನ್ನಡಿ ಬೇಕು. ಐದನೇ ವರ್ಷ ಯೆಹೆಜ್ಕೇಲನ ಹತ್ತಿರ ಹೊಲಿಗೆ ಬಿಟ್ಟಿತು. ಪ್ರಕಾಶಕರಿಗೆ ಬರೆದೆ, ಉತ್ತರ ಬರಲಿಲ್ಲ. ನಾನೇ ಅಂಟಿಸಿಕೊಂಡೆ. ಇದೇ ಬೈಬಲಿನ ಮೊಬೈಲ್ ಆ್ಯಪ್ ಕೂಡ ನೋಡಿದೆ. ವಚನದ ಮೇಲೆ ಒತ್ತಿದರೆ ಹೊಸ ಪುಟ ಬರುತ್ತದೆ, ಹಳೆಯದು ಕಳೆದುಹೋಗುತ್ತದೆ. ಈ ಓದಿಗೆ ಎರಡು ಕಡೆ ಬೆರಳಿಟ್ಟು ಹಿಂದೆ ಮುಂದೆ ತಿರುಗಿಸುವ ಪುಸ್ತಕವೇ ಬೇಕು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿಮೆ ಮಾಡಿದ ಒಂದು ಅಂಕ ಅಡಿಟಿಪ್ಪಣಿಗಳಿಗಾಗಿ. ಈ ತಿಂಗಳು ಕುದುರೆಗಳ ಹತ್ತಿರ ಇದ್ದೇನೆ: ಪ್ರಕಟನೆ 6ರಲ್ಲಿ ಒಂದು ಬೆರಳು, ಜೆಕರ್ಯ 6ರಲ್ಲಿ ಇನ್ನೊಂದು.