ಹ್ಯಾಂಡಲ್‌ಬಾರ್ ಮಿಟ್ಸ್: ನೋಡೋಕೆ ಚೆನ್ನಾಗಿಲ್ಲ, ಆದರೂ ಬಿಚ್ಚಲ್ಲ

ಚಳಿಗಾಲದಲ್ಲೂ ಸೈಕಲ್ ತುಳಿದು ಆಫೀಸಿಗೆ ಹೋಗುವವರಿಗೆ ಗೊತ್ತು, ಮೈಗೆ ಚಳಿಯಾಗುವುದು ಮೊದಲ ಐದು ನಿಮಿಷ ಅಷ್ಟೇ. ಆಮೇಲೆ ಬೆವರೇ ಬರುತ್ತದೆ. ಆದರೆ ಕೈ ಕಥೆ ಬೇರೆ. ಅದು ಅಲ್ಲಾಡದೆ ಹ್ಯಾಂಡಲ್ ಹಿಡಿದುಕೊಂಡೇ ಇರುತ್ತದೆ, ಗಾಳಿ ಮೊದಲು ಬಡಿಯುವುದೂ ಅದಕ್ಕೇ. ಹೊರಗೆ 0 ಡಿಗ್ರಿ ಇದ್ದು ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಚರ್ಮಕ್ಕೆ ಅದು ಸುಮಾರು ಮೈನಸ್ 5 ಡಿಗ್ರಿಯ ಹಾಗೆ ತಾಗುತ್ತದೆ.

ಗ್ಲೌಸ್ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ತೆಳುವಾದದ್ದು ಹಾಕಿದರೆ ಬೆರಳು ಮರಗಟ್ಟುತ್ತದೆ, ದಪ್ಪದ್ದು ಹಾಕಿದರೆ ಗೇರ್ ಬಿತ್ತೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಕೊನೆಗೆ ಈ ಮಿಟ್ಸ್ ತಂದೆ. ನಿಯೋಪ್ರೀನ್ ಬಟ್ಟೆಯ ಎರಡು ದೊಡ್ಡ ಚೀಲಗಳು, ಗ್ರಿಪ್, ಬ್ರೇಕ್, ಗೇರ್ ಎಲ್ಲವನ್ನೂ ಮುಚ್ಚಿ ಹ್ಯಾಂಡಲ್‌ಗೇ ಕಟ್ಟುವಂಥವು, ಕೈ ತೂರಿಸಿ ಹೊರಟರೆ ಆಯಿತು. ಸೈಕಲ್ಲಿಗೆ ಸ್ವೆಟರ್ ತೊಡಿಸಿದ ಹಾಗೆ ಕಾಣುತ್ತದೆ, ನಗುವವರು ನಗಲಿ ಬಿಡಿ.

ಬೆಚ್ಚಗಿರುತ್ತದಾ? ಹೌದು, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ. ಗಾಳಿ ಒಳಗೆ ಬರುವುದಿಲ್ಲ, ಬ್ರೇಕ್ ಲಿವರ್ ಕೂಡ ಒಳಗೇ ಇರುವುದರಿಂದ ಆ ತಣ್ಣನೆಯ ಲೋಹ ಬೆರಳಿನ ಬಿಸಿ ಹೀರುವುದೂ ಕಡಿಮೆ. ಒಳಗೆ ತೆಳು ಗ್ಲೌಸ್ ಸಾಕು, ಹಾಗಾಗಿ ಬ್ರೇಕ್ ಎಷ್ಟು ಹಿಡಿಯುತ್ತಿದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ. ಮಂಜುಗಟ್ಟಿದ ರಸ್ತೆಯಲ್ಲಿ ಮುಂದಿನ ಬ್ರೇಕ್ ಒಂಚೂರು ಜಾಸ್ತಿ ಒತ್ತಿದರೆ ನೆಲಕ್ಕೇ ಅಲ್ವಾ?

ತೊಂದರೆಗಳೂ ಇವೆ. ತಿರುವಿನಲ್ಲಿ ಸಿಗ್ನಲ್ ಕೊಡಲು ಕೈ ಹೊರಗೆ ತೆಗೆದರೆ ಮತ್ತೆ ಒಳಗೆ ತೂರಿಸಲು ಬಾಯಿ ಹುಡುಕಬೇಕು, ಮೊದಲ ವಾರ ಇದೊಂದು ದೊಡ್ಡ ಸರ್ಕಸ್ಸು. ಖಾಲಿ ರಸ್ತೆಯಲ್ಲಿ ಒಂದೆರಡು ದಿನ ಅಭ್ಯಾಸ ಮಾಡಿ. ಬೆಲ್ ಒಳಗೆ ಸಿಕ್ಕಿಕೊಂಡಿತ್ತು, ನಾನು ಅದನ್ನು ಸ್ಟೆಮ್ (ಹ್ಯಾಂಡಲ್ಲನ್ನು ನಡುವೆ ಹಿಡಿದಿರುವ ಭಾಗ) ಹತ್ತಿರಕ್ಕೆ ಜರುಗಿಸಿದೆ. ಮಳೆಯಲ್ಲಿ ಹೊರಗೆ ನಿಲ್ಲಿಸಿದರೆ ಒಳಗೆ ನೀರು ಹೋಗಿ ಸಂಜೆ ಒದ್ದೆ ಚೀಲಕ್ಕೆ ಕೈ ಹಾಕಬೇಕಾಗುತ್ತದೆ, ಅದಕ್ಕಿಂತ ಕೆಟ್ಟದ್ದು ಇಲ್ಲ. ಈಗ ಒಂದು ಪ್ಲಾಸ್ಟಿಕ್ ಕವರ್ ಯಾವಾಗಲೂ ಬ್ಯಾಗಿನಲ್ಲಿರುತ್ತದೆ.

ಕೊಳ್ಳುವ ಮೊದಲು ನಿಮ್ಮ ಹ್ಯಾಂಡಲ್ ನೇರದ್ದಾ, ಇಲ್ಲಾ ರೇಸ್ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿದ ಡ್ರಾಪ್ ಬಾರಾ ನೋಡಿಕೊಳ್ಳಿ. ಎರಡಕ್ಕೂ ಆಕಾರ ಬೇರೆ. ನಾನು ನೋಡದೆ ತಂದು ಒಂದು ಸಲ ವಾಪಸ್ ಕೊಟ್ಟು ಬಂದಿದ್ದೇನೆ.